ಸೆಕ್ರೆಟರಿ ರಾಮಾಂಜಿನಪ್ಪನವರ ಆಪರೇಷನ್

ಹುಣಸೆಕುಂಟೆಯ ಹಾಲಿನ ಸೊಸೈಟಿಗೆ ರಾಮಾಂಜಿನಪ್ಪನವರು ಸೆಕ್ರೆಟರಿ. ಮಧುರೆಯಿಂದ ಒಳಕ್ಕೆ ಹೋದರೆ ಸಿಗುವ ಆ ಊರಿನಲ್ಲಿ, ಯಾವ ಬೀದಿಯ ಮೂಲೆಯಲ್ಲಾದರೂ ಮೊದಲು ಅವರ ಹೊಟ್ಟೆ ಕಾಣಿಸುತ್ತಿತ್ತು, ಆಮೇಲೆ ಅವರು ಕಾಣಿಸುತ್ತಿದ್ದರು. ಇದರಲ್ಲಿ ನಗುವಂಥದ್ದೇನೂ ಇರಲಿಲ್ಲ. ತೊಂಬತ್ತೈದನೇ ಇಸವಿಯ ಆಸುಪಾಸಿನಲ್ಲಿ ನಮ್ಮ ಕಡೆ ಗಂಡಸಿನ ಹೊಟ್ಟೆಯೆಂದರೆ ಅವನ ಹೆಂಡತಿಯ ಕೈಗುಣಕ್ಕೆ ಸಿಕ್ಕ ಪದಕ. ಆ ಲೆಕ್ಕದಲ್ಲಿ ಅಶ್ವತ್ಥಮ್ಮನಿಗೆ ಸರಿಗಟ್ಟುವವರು ಹೋಬಳಿಯಲ್ಲೇ ಇರಲಿಲ್ಲ. ಬೆಳಿಗ್ಗೆ ಬೆಣ್ಣೆ ಹಾಕಿದ ರಾಗಿ ರೊಟ್ಟಿ, ಮಧ್ಯಾಹ್ನ ಮುದ್ದೆ, ಮುದ್ದೆಯ ಮೇಲೆ ಅನ್ನ, ಅನ್ನದ ಮೇಲೆ ಎಮ್ಮೆ ಹಾಲಿನ ಗಟ್ಟಿ ಮೊಸರು. ಇಷ್ಟಾದ ಮೇಲೂ ಗಂಡ ಎಲೆಯಿಂದ ಎದ್ದರೆ, "ಯಾಕೆ, ಸಾರು ಚೆನ್ನಾಗಿಲ್ವಾ?" ಎಂದು ಮುಖ ಸಣ್ಣಗೆ ಮಾಡಿಕೊಳ್ಳುತ್ತಿದ್ದಳು. ಹೆಂಡತಿಯ ಮುಖ ಸಣ್ಣಗಾಗಬಾರದೆಂದು ರಾಮಾಂಜಿನಪ್ಪನವರು ತಾವು ದಪ್ಪಗಾದರು.

ಹೀಗಿರುವಾಗ ಹಾಲು ಒಕ್ಕೂಟದ ಅಧಿಕಾರಿಯೊಬ್ಬರ ಮಗಳ ಮದುವೆಗೆಂದು ಅವರು ಬೆಂಗಳೂರಿಗೆ ಹೋದರು. ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತವರು ಅಮೆರಿಕದಲ್ಲಿದ್ದು ಬಂದ ಸರ್ಜನ್ನು. ಅವರು ಒಂದು ಹೋಳಿಗೆಯನ್ನು ನಾಲ್ಕು ಭಾಗ ಮಾಡಿ ಅದರಲ್ಲಿ ಒಂದನ್ನು ತಿನ್ನುವಷ್ಟರಲ್ಲಿ ಪಕ್ಕದ ಎಲೆಯಲ್ಲಿ ಐದು ಹೋಳಿಗೆ ಮಾಯವಾದದ್ದನ್ನು ಕಂಡು ದಂಗಾದರು.

"ಸಕ್ಕರೆ ಕಾಯಿಲೆ ಇದೆಯಾ ನಿಮಗೆ?"

"ಸ್ವಲ್ಪ ಇದೆ ಸಾರ್," ಎಂದರು ರಾಮಾಂಜಿನಪ್ಪನವರು, ಸ್ವಲ್ಪ ತೋಟ ಇದೆ ಎನ್ನುವ ಧಾಟಿಯಲ್ಲಿ.

"ಬಿಪಿ?"

"ಅದೂ ಇದೆ."

ಸರ್ಜನ್ ತಿನ್ನುವುದನ್ನು ಬಿಟ್ಟು ವಿವರಿಸಿದರು. ಸೊಂಟದ ಸುತ್ತ ಇಷ್ಟು ಕೊಬ್ಬು, ಜೊತೆಗೆ ಸಕ್ಕರೆ, ಜೊತೆಗೆ ಬಿಪಿ ಸೇರಿದರೆ ಹೃದಯಕ್ಕೆ ಗಂಡಾಂತರ. ತೀರಾ ದಪ್ಪಗಿರುವವರಿಗೆ ಅಮೆರಿಕದಲ್ಲಿ ಆಪರೇಷನ್ ಮಾಡಿ ಹೊಟ್ಟೆಯ ಚೀಲವನ್ನೇ ಚಿಕ್ಕದು ಮಾಡುತ್ತಾರೆ. ತೂಕ ಇಳಿಯುತ್ತದೆ, ಸಕ್ಕರೆ ಇಳಿಯುತ್ತದೆ, ಹೃದಯಕ್ಕಿರುವ ಅಪಾಯವೂ ತಗ್ಗುತ್ತದೆ. "ಆದರೆ ಅದು ಕೊನೇ ದಾರಿ. ಮೊದಲು ಹೃದಯ ಪರೀಕ್ಷೆ ಆಗಬೇಕು, ಊಟದಲ್ಲಿ ಹಿಡಿತ, ದಿನಾ ನಡಿಗೆ..." ಎಂದು ಅವರು ಮುಂದುವರಿಸುವಾಗ ಸರಿಯಾಗಿ ಚಿರೋಟಿಯವನು ಬಂದ. ಚಿರೋಟಿ ಬಡಿಸಿ, ಅದರ ಮೇಲೆ ಸಕ್ಕರೆ ಉದುರಿಸಿ, ಬಾದಾಮಿ ಹಾಲು ಸುರಿಯುವವರೆಗೆ ರಾಮಾಂಜಿನಪ್ಪನವರ ಕಿವಿ ಕೆಲಸ ಮಾಡಲಿಲ್ಲ. ಅದು ಮತ್ತೆ ಕೆಲಸಕ್ಕೆ ಬಂದಾಗ ಸರ್ಜನ್ನರು, "ಊರಲ್ಲಿ ಬಿಪಿ, ಸಕ್ಕರೆ ನೋಡಿಸ್ಕೊಂಡು ನನ್ನ ಹತ್ತಿರ ಬನ್ನಿ," ಎನ್ನುತ್ತಿದ್ದರು.

ಹೀಗೆ ಚಿರೋಟಿಯ ಈಚೆಗಿನ ಮಾತು, ಆಚೆಗಿನ ಮಾತು ಎರಡನ್ನೇ ಹೊಲಿದುಕೊಂಡು ರಾಮಾಂಜಿನಪ್ಪನವರು ಊರಿಗೆ ಬಂದರು. ತಾಲ್ಲೂಕಿನಲ್ಲೇ ಯಾರೂ ಮಾಡಿಸಿಕೊಳ್ಳದ ಅಮೆರಿಕದ ಆಪರೇಷನ್ ತನಗಾಗುತ್ತದೆ! ಮುದ್ದೆ ಬಿಡಬೇಕಿಲ್ಲ, ನಡೆಯಬೇಕಿಲ್ಲ. ಮಲಗಿ ಎದ್ದರೆ ಹೊಟ್ಟೆ ಮಾಯ. ಹೆಂಡತಿಗೆ ಹೇಳಿದರೆ ಹೊಟ್ಟೆ ಕೊಯ್ಯುತ್ತಾರೆಂದು ಅಳುತ್ತಾಳೆ. ಎಲ್ಲ ಮುಗಿಸಿಕೊಂಡು ಬಂದೇ ಹೇಳಿದರಾಯಿತು.

ಮಾರನೆಯ ದಿನ ಬಿಪಿ ನೋಡಿಸಲು ಊರಿನ ಆರೋಗ್ಯ ಕೇಂದ್ರಕ್ಕೆ ಹೋದರೆ ಡಾಕ್ಟರು ಮೀಟಿಂಗಿಗೆ ಹೋಗಿದ್ದರು. ಇದ್ದವನು ಆರೋಗ್ಯ ಸಹಾಯಕ ವೆಂಕಟರಾಯಪ್ಪ ಒಬ್ಬನೇ. ಅವನ ಮುಖ ಸುಟ್ಟ ಬದನೆಕಾಯಿಯಂತಿತ್ತು. ಮಾರ್ಚ್ ತಿಂಗಳು, ಕುಟುಂಬ ಯೋಜನೆಯ ಟಾರ್ಗೆಟ್ ಮುಗಿಸುವ ಕಾಲ. ಹೆಂಗಸರೇನೋ ಹೇಗೋ ಒಪ್ಪಿದ್ದರು, ಗಂಡಸರ ಆಪರೇಷನ್ ಮಾತ್ರ ವರ್ಷವಿಡೀ ಒಂದೂ ಆಗಿರಲಿಲ್ಲ. ಅವನ ಸೈಕಲ್ ಬೀದಿಗೆ ಬಂದರೆ ಸಾಕು, ಮದುವೆಯಾದ ಗಂಡಸರೆಲ್ಲ ಹೊಲದ ಕಡೆ ಓಡುತ್ತಿದ್ದರು.

ರಾಮಾಂಜಿನಪ್ಪನವರು ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿದರು. "ಒಂದು ಗುಟ್ಟಿನ ವಿಷ್ಯ ಕಣಪ್ಪ. ನಾನು ಆಪರೇಷನ್ ಮಾಡಿಸ್ಕೋಬೇಕು ಅಂತಿದೀನಿ."

ವೆಂಕಟರಾಯಪ್ಪ ಕುರ್ಚಿಯಿಂದ ಅರ್ಧ ಎದ್ದ. "ನೀವಾ? ನೀವಾಗ್ ನೀವೇ? ಯಾರೂ ಬಲವಂತ ಮಾಡ್ದೆ?"

"ಬಲವಂತ ಯಾಕೆ? ಎಷ್ಟು ದಿನ ಅಂತ ಈ ಭಾರ ಹೊರೋದು?"

"ಆಹಾ! ಸಂಸಾರದ ಭಾರ ಅನ್ನೋದು ನಿಮ್ಮಂಗೆ ಎಲ್ಲಾರ್ಗೂ ಅರ್ಥ ಆಗ್ಬಿಟ್ಟಿದ್ರೆ ದೇಶ ಉದ್ಧಾರ ಆಗೋಗ್ತಿತ್ತು ಸೆಕ್ರೆಟ್ರಿ."

"ಅಲ್ಲಪ್ಪ, ಕೊಯ್ತಾರಂತಲ್ಲ, ನೋವಾಗುತ್ತಾ?"

"ಇರುವೆ ಕಚ್ಚಿದಂಗೆ! ಸಣ್ಣದಾಗಿ ಕೊಯ್ದು ಒಂದು ಗಂಟು ಹಾಕ್ತಾರೆ, ಮುಗೀತು."

"ಹೌದೌದು, ಅವ್ರೂ ಹಂಗೇ ಅಂದ್ರು. ಚಿಕ್ಕದು ಮಾಡ್ತಾರಂತೆ."

"ಚಿಕ್ಕದು ಮಾಡೋದೇನು ಬಂತು? ದಾರೀನೇ ಬಂದ್!"

ರಾಮಾಂಜಿನಪ್ಪನವರು ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡರು. "ಬಂದ್ ಮಾಡ್ಬಿಟ್ರೆ ಊಟದ ಗತಿ?"

"ಊಟಕ್ಕೇನಣ್ಣ? ಅವತ್ತೇ ಮನೆಗೋಗಿ ಕೋಳಿ ಸಾರಲ್ಲಿ ಎರಡು ಮುದ್ದೆ ಹೊಡೀರಿ. ಯಾರು ಬೇಡ ಅಂತಾರೆ?"

ವಿಜ್ಞಾನ ಇಷ್ಟು ಮುಂದುವರಿದಿದೆಯೆಂದು ರಾಮಾಂಜಿನಪ್ಪನವರಿಗೆ ಗೊತ್ತಿರಲಿಲ್ಲ. ಸಂತೋಷ ತಡೆಯಲಾರದೆ ವೆಂಕಟರಾಯಪ್ಪನ ಎರಡೂ ಕೈ ಹಿಡಿದುಕೊಂಡರು. ಬಿಪಿ ನೋಡು ಎಂದರೆ ಅವನು, "ಬಿಪಿ ಗಿಪಿ ಎಲ್ಲಾ ಕ್ಯಾಂಪಲ್ಲೇ ನೋಡ್ತಾರೆ ಬನ್ನಿ," ಎಂದುಬಿಟ್ಟ. "ನಮ್ಮನೇಲಿ ಮಾತ್ರ ಬಾಯಿ ಬಿಡ್ಬೇಡ," ಎಂದಾಗ ದೇವರ ಮೇಲೆ ಆಣೆ ಇಟ್ಟ.

ಆಣೆ ಇಟ್ಟದ್ದು ನಿಜ. ಆದರೆ ಸರ್ಕಾರದ ಕೆಲಸ ದೇವರಿಗಿಂತ ದೊಡ್ಡದು. ಹೆಂಡತಿಯ ಒಪ್ಪಿಗೆ ಇಲ್ಲದೆ ಗಂಡನಿಗೆ ಚಾಕು ಹಾಕಿದರೆ ಆಮೇಲೆ ತಕರಾರು. ಅದಕ್ಕೇ ಅವತ್ತು ಮಧ್ಯಾಹ್ನವೇ ವೆಂಕಟರಾಯಪ್ಪ ಸೈಕಲ್ಲಿಗೆ ಕೆಂಪು ಪ್ಲಾಸ್ಟಿಕ್ ಬಕೆಟ್ಟೊಂದನ್ನು ನೇತುಹಾಕಿಕೊಂಡು ಸೆಕ್ರೆಟರಿಯವರ ಮನೆ ಮುಂದೆ ಇಳಿದ. ಅಶ್ವತ್ಥಮ್ಮ ಜಗಲಿಯ ಮೇಲೆ ಅವರೆಕಾಳು ಹಿಸುಕುತ್ತಿದ್ದಳು. ಒಳಗೆ ಅತ್ತೆ ಅಮ್ಮಯಮ್ಮ ಎಲೆ ಅಡಿಕೆ ಕುಟ್ಟುತ್ತಿದ್ದರು.

"ಅಕ್ಕ, ತಗೊಳಿ, ಬಕೆಟ್ಟು. ಸರ್ಕಾರದ ಕಡೆಯಿಂದ. ಇಂಥ ಗಂಡ ಸಿಗೋಕೆ ಏಳು ಜನ್ಮದ ಪುಣ್ಯ ಮಾಡಿದ್ರಿ ನೀವು."

"ಯಾಕಪ್ಪ, ಅವ್ರೇನು ಮಾಡಿದ್ರು?"

"ಆಪರೇಷನ್ ಮಾಡಿಸ್ಕೋತಾರಂತೆ! ಗಂಡಸರ ಆಪರೇಷನ್! ತಾವಾಗೇ ಬಂದು ನನ್ ಕೈ ಹಿಡ್ಕೊಂಡ್ರು."

ಅಶ್ವತ್ಥಮ್ಮನ ಬೆರಳಿನ ನಡುವಿದ್ದ ಅವರೆಕಾಳು ಹಾರಿ ವೆಂಕಟರಾಯಪ್ಪನ ಹಣೆಗೆ ಬಡಿಯಿತು. ಅದರ ಹಿಂದೆಯೇ ಒಂದು ಪ್ರಶ್ನೆ ಬಂತು.

"ನಂಗೆ ಆಪರೇಷನ್ ಆಗಿ ಹದಿನೈದು ವರ್ಷ ಆಯ್ತು. ಈಗ ಇವ್ರಿಗ್ಯಾಕೆ?"

ಆ ಪ್ರಶ್ನೆಗಿರುವ ಉತ್ತರ ಒಂದೇ ಎಂದು ವೆಂಕಟರಾಯಪ್ಪನಿಗೂ ಹೊಳೆಯಿತು. ಬಕೆಟ್ಟನ್ನು ಮೆಲ್ಲಗೆ ಕೆಳಗಿಟ್ಟು ಸೈಕಲ್ ಹತ್ತಿದ. ಅಶ್ವತ್ಥಮ್ಮ ಎಸೆದ ಬಕೆಟ್ಟು ಅವನಿಗಿಂತ ಮುಂಚೆ ಬೀದಿಯ ಕೊನೆ ಮುಟ್ಟಿತು.

"ಅತ್ತೇ! ನಿಮ್ ಮಗ ಚಿಕ್ಕಮನೆ ಮಾಡವ್ರೆ! ಮಗಳ್ನ ಕೊಟ್ಟು ಅಳಿಯ ಬಂದಿರೋ ಮನೇಲಿ ಈ ವಯಸ್ಸಲ್ಲಿ!"

ಅಮ್ಮಯಮ್ಮ ಕುಟ್ಟಾಣಿ ಬಿಟ್ಟು ಹೊರಗೆ ಬಂದರು. ಮಗನಿಗೆ ಅಂಥ ಧೈರ್ಯವಿತ್ತೆಂದು ತಾಯಿಗೂ ಗೊತ್ತಿರಲಿಲ್ಲ. ಗೋಡೆ ಹಿಡಿದು ನಿಂತು ಚೇತರಿಸಿಕೊಂಡು, "ಯಾವೂರೋಳಂತೆ?" ಎಂದರು. ಆಮೇಲೆ, "ಅವಳಿಗಾದ್ರೂ ಗಂಟಿಲ್ದಂಗೆ ಮುದ್ದೆ ತಿರುವೋಕೆ ಬರುತ್ತಂತಾ?" ಎಂದು ಸೇರಿಸಿದರು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಎಲ್ಲ ಊರಲ್ಲೂ ಇರುತ್ತಾರೆ. ಹುಣಸೆಕುಂಟೆಯಲ್ಲಿ ಕರುವಿಗೆ ಹೆಸರಿಡುವವರೂ ಇದ್ದರು. ಸಂಜೆಯಷ್ಟರಲ್ಲಿ ಆ ಹೆಂಗಸು ತ್ಯಾಮಗೊಂಡ್ಲು ಕಡೆಯವಳೆಂದೂ, ತೆಂಗಿನ ತೋಟವಿದೆಯೆಂದೂ ತೀರ್ಮಾನವಾಗಿತ್ತು. ಸೆಕ್ರೆಟರಿ ಒಕ್ಕೂಟದ ಮೀಟಿಂಗೆಂದು ಹೋಗುತ್ತಿದ್ದದ್ದು ಎಲ್ಲಿಗೆ ಎನ್ನುವುದು ಈಗ ಎಲ್ಲರಿಗೂ ತಿಳಿಯಿತು.

ರಾಮಾಂಜಿನಪ್ಪನವರು ಮನೆಗೆ ಬಂದಾಗ ಹೆಂಡತಿ ಬೆನ್ನು ಮಾಡಿ ಕೂತಿದ್ದಳು.

"ಗೊತ್ತಾಗ್ಬಿಡ್ತಾ?" ಎಂದರು.

"ಗೊತ್ತಾಯ್ತು."

"ನಿಂಗೆ ಹೇಳಿದ್ರೆ ಅಳ್ತೀಯ ಅಂತ ಸುಮ್ಮನಿದ್ದೆ ಕಣೆ. ಎಲ್ಲಾ ಮುಗಿದ್ಮೇಲೆ ಹೇಳೋಣ ಅಂತ."

ಇದಕ್ಕಿಂತ ಸ್ಪಷ್ಟವಾದ ತಪ್ಪೊಪ್ಪಿಗೆ ಯಾವ ಹೆಂಡತಿಗೆ ಬೇಕು? ಅಶ್ವತ್ಥಮ್ಮ ಎದ್ದು ನೆಟ್ಟಗೆ ಅಂಗಡಿಯ ಫೋನಿನಿಂದ ಹೊಸಕೋಟೆ ಕಡೆಯ ಸಮೇತನಹಳ್ಳಿಗೆ ಸುದ್ದಿ ಮುಟ್ಟಿಸಿದಳು. ಅಲ್ಲಿ ಅವಳ ತಮ್ಮ ಸೊಣ್ಣಪ್ಪನಿದ್ದ. ಅವನೂ ತೂಕದ ಆಳೇ. ಸಿಟ್ಟು ಬಂದರೆ ಇನ್ನೂ ಒಂದಷ್ಟು ಊದಿಕೊಳ್ಳುತ್ತಿದ್ದ.

ಮರುದಿನ ಸಂಜೆ ಸೊಸೈಟಿಯಲ್ಲಿ ಹಾಲು ಅಳೆಯುವ ಹೊತ್ತು. ಅವತ್ತು ಹಾಲಿಲ್ಲದವರೂ ಖಾಲಿ ಚೊಂಬು ಹಿಡಿದು ಸಾಲಿನಲ್ಲಿ ನಿಂತಿದ್ದರು. ಸೊಣ್ಣಪ್ಪ ಅಕ್ಕನನ್ನು ಹಿಂದಿಟ್ಟುಕೊಂಡು ಒಳಗೆ ನುಗ್ಗಿದ. ವೆಂಕಟರಾಯಪ್ಪ ತಾನು ಹಚ್ಚಿದ ಬೆಂಕಿ ಎಲ್ಲಿಯವರೆಗೆ ಬಂತೆಂದು ನೋಡಲು ಕಿಟಕಿಯಲ್ಲಿ ಇಣುಕುತ್ತಿದ್ದ.

"ಭಾವ, ಅಕ್ಕ ಹೇಳಿದ್ದು ನಿಜಾನಾ?"

"ನಿಜ ಕಣಪ್ಪ ಸೊಣ್ಣಪ್ಪ. ಇನ್ನೆಷ್ಟು ದಿನ ಅಂತ ಮುಚ್ಚಿಡ್ಲಿ?"

ಸಾಲಿನಲ್ಲಿದ್ದವರೆಲ್ಲ ಒಂದು ಹೆಜ್ಜೆ ಮುಂದೆ ಬಂದರು.

"ಎಷ್ಟು ವರ್ಷದಿಂದ ನಡೀತಿದೆ ಇದು?"

"ಮದ್ವೆ ಟೈಮಲ್ಲಿ ಇರ್ಲಿಲ್ಲ. ಒಂದೆಂಟತ್ತು ವರ್ಷ ಆಗಿರ್ಬೇಕು. ಮೊದಮೊದ್ಲು ಚಿಕ್ಕದಿತ್ತು, ನೋಡೋಕೂ ಲಕ್ಷಣವಾಗಿತ್ತು. ನೋಡ್ತಾ ನೋಡ್ತಾ ಬೆಳೆದ್ಬಿಡ್ತು."

"ಅಯ್ಯೋ ಶಿವನೇ, ಮಗೂನೂ ಆಗಿದೆ!" ಎಂದು ಯಾರೋ ಮುದುಕಿ ಕೂಗಿದ್ದು ಕ್ಯಾನುಗಳ ಸದ್ದಿನಲ್ಲಿ ರಾಮಾಂಜಿನಪ್ಪನವರಿಗೆ ಕೇಳಲಿಲ್ಲ.

"ಅಕ್ಕನ ಕಣ್ಣಿಗೆ ಮಣ್ಣೆರಚಿ ಇಷ್ಟು ವರ್ಷ..."

"ಯಾರು, ಇವಳ ಕಣ್ಣಿಗಾ? ಇವಳೇ ಅಲ್ವೇನಪ್ಪ ಬೆಳೆಸಿದ್ದು? ದಿನಾ ಬೆಣ್ಣೆ ತುಪ್ಪ ಹಾಕಿ ಸಾಕಿದೋಳೇ ಇವಳು."

"ನಾನಾ? ನಾನು ಸಾಕಿದ್ನಾ?" ಅಶ್ವತ್ಥಮ್ಮನ ಕಿರುಚಾಟಕ್ಕೆ ಹೊರಗೆ ಕಟ್ಟಿದ್ದ ಎಮ್ಮೆ ಹಗ್ಗ ಕಿತ್ತುಕೊಂಡಿತು.

"ಎಲ್ಲಿದೆ ಈಗ ಅದು?" ಸೊಣ್ಣಪ್ಪ ಗುಡುಗಿದ.

ಈ ಪ್ರಶ್ನೆ ಸೆಕ್ರೆಟರಿಯವರಿಗೆ ಬಹಳ ವಿಚಿತ್ರವಾಗಿ ಕಂಡಿತು. "ಎಲ್ಲಿದೆ ಅಂದ್ರೆ? ಇಲ್ಲೇ ಇದೆಯಲ್ಲಪ್ಪ. ಬಿಟ್ಟು ಬರೋಕಾಗುತ್ತಾ? ಹೋದಲ್ಲೆಲ್ಲ ಜೊತೇಲೇ ಬರುತ್ತೆ."

ಇಡೀ ಸಾಲು ಅವರ ಬೆನ್ನ ಹಿಂದೆ ಬಗ್ಗಿ ನೋಡಿತು. ಸೊಣ್ಣಪ್ಪನಿಗೆ ಇನ್ನು ತಡೆಯಲಾಗಲಿಲ್ಲ. ಭಾವನ ಅಂಗಿಯ ಕೊರಳು ಹಿಡಿದ. "ತಮಾಷೆ ಮಾಡ್ತೀಯಾ? ಯಾವಳು ಅವಳು? ಹೆಸ್ರು ಹೇಳು!"

"ಯಾವಳು? ಯಾರ ಮಾತಾಡ್ತಿದೀಯೋ?"

"ಆ ತ್ಯಾಮಗೊಂಡ್ಲುನೋಳು! ನಿನ್ನ ಚಿಕ್ಕಮನೆಯೋಳು!"

ರಾಮಾಂಜಿನಪ್ಪನವರು ಬಾಮೈದನನ್ನು ನೋಡಿದರು, ಹೆಂಡತಿಯನ್ನು ನೋಡಿದರು, ಊರನ್ನೆಲ್ಲ ನೋಡಿದರು. ಏನೋ ಹೇಳಲು ಹೊರಟರು. ಮಾತಿನ ಬದಲು ಹಣೆಯ ಮೇಲೆ ಬೆವರು ಬಂತು. ಎಡಗೈಯಿಂದ ಎದೆ ಒತ್ತಿಕೊಂಡು, "ಯಾರೋ ಒಳಗಿಂದ ಹಿಂಡ್ದಂಗಾಗ್ತಿದೆ," ಎಂದು ಹಾಲಿನ ಕ್ಯಾನುಗಳ ನಡುವೆ ಕುಸಿದು ಕೂತರು.

ಸೊಣ್ಣಪ್ಪ ಹಿಡಿದ ಕೈ ಹಾಗೇ ಗಾಳಿಯಲ್ಲಿ ಉಳಿಯಿತು. "ನಾನು ಹೊಡೀಲಿಲ್ಲ! ದೇವರಾಣೆ ಇನ್ನೂ ಹೊಡೆದಿರ್ಲಿಲ್ಲ!" ಎಂದು ಸುತ್ತಲಿನವರಿಗೆ ಒಬ್ಬೊಬ್ಬರಿಗೂ ಹೇಳತೊಡಗಿದ. ಒಂದು ಕ್ಷಣದ ಹಿಂದೆ ಗಂಡನನ್ನು ಸಿಗಿದು ಹಾಕಲು ಬಂದಿದ್ದ ಅಶ್ವತ್ಥಮ್ಮ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಇಬ್ರನ್ನ ಇಟ್ಕೊಳ್ಳಿ, ಮೂವರನ್ನ ಇಟ್ಕೊಳ್ಳಿ, ಕಣ್ ಬಿಡಿ!" ಎಂದು ಗೋಳಾಡಿದಳು.

ಹಾಲಿನ ವ್ಯಾನು ಬಾಗಿಲಲ್ಲೇ ಇತ್ತು. ಡ್ರೈವರ್ ಮೂರ್ತಿ ಅರ್ಧದಷ್ಟು ಕ್ಯಾನುಗಳನ್ನು ಇಳಿಸಿ, ಆ ಜಾಗದಲ್ಲಿ ಸೆಕ್ರೆಟರಿಯವರನ್ನು ಹತ್ತಿಸಿಕೊಂಡ. ಅವರನ್ನೆತ್ತಲು ಆರು ಜನ ಬೇಕಾಯಿತು. ಏಳನೆಯವನು ಬರೀ ಸಲಹೆ ಕೊಟ್ಟ. ಆರೋಗ್ಯ ಇಲಾಖೆಯವನೆಂದು ವೆಂಕಟರಾಯಪ್ಪನನ್ನೂ ರಟ್ಟೆ ಹಿಡಿದು ಒಳಗೆ ಎಳೆದುಕೊಂಡರು. ದೊಡ್ಡಬಳ್ಳಾಪುರದವರೆಗೆ ಕ್ಯಾನುಗಳು ಬಡಿದುಕೊಳ್ಳುತ್ತಲೇ ಇದ್ದವು.

ಅಲ್ಲಿನ ಒಂದು ನರ್ಸಿಂಗ್ ಹೋಮಿನಲ್ಲಿ ಡಾಕ್ಟರಮ್ಮ ನಾಲಿಗೆಯ ಕೆಳಗೊಂದು ಮಾತ್ರೆ ಇಟ್ಟು, ಎದೆಗೆ ಕೈಕಾಲಿಗೆ ವೈರು ಕಟ್ಟಿ ಇಸಿಜಿ ತೆಗೆಯಲು ನಿಂತರು. ಎದೆ ಹಿಂಡುವುದು ಸ್ವಲ್ಪ ಸಡಿಲವಾಗಿ ರಾಮಾಂಜಿನಪ್ಪನವರು ಕಣ್ಣು ಬಿಟ್ಟಿದ್ದರು.

"ಮೊದಲೇನಾದ್ರೂ ಕಾಯಿಲೆ ಇತ್ತಾ? ಆಪರೇಷನ್ ಆಗಿದೆಯಾ?"

"ಆಗಿಲ್ಲ ಮೇಡಂ, ಆಗ್ಬೇಕಿತ್ತು," ಎಂದ ವೆಂಕಟರಾಯಪ್ಪ, ಕೈಕಟ್ಟಿ. "ಸಂತಾನಹರಣದ್ದು. ನಮ್ಮ ಕ್ಯಾಂಪಲ್ಲಿ."

"ಏನಂದೆ?" ರಾಮಾಂಜಿನಪ್ಪನವರು ಎದ್ದು ಕೂರಲು ನೋಡಿದರು. ಇಸಿಜಿ ಕಾಗದದ ಮೇಲಿನ ಗೆರೆ ನಂದಿಬೆಟ್ಟ ಹತ್ತಿ ಇಳಿಯಿತು. "ಹೊಟ್ಟೆದು ಕಣೋ ನಾನು ಹೇಳಿದ್ದು! ಹೊಟ್ಟೆ ಚಿಕ್ಕದು ಮಾಡೋದು! ಅಮೆರಿಕದ್ದು!"

ಹಾಗಾದರೆ ಬೆಳೆದದ್ದು ಹೊಟ್ಟೆ. ಸಾಕಿದ್ದು ಹೊಟ್ಟೆಯನ್ನು. ಹೋದಲ್ಲೆಲ್ಲ ಜೊತೆಗೆ ಬರುತ್ತಿದ್ದದ್ದೂ ಅದೇ. ಸೊಣ್ಣಪ್ಪ ಭಾವನ ಅಂಗಿಯ ಕೊರಳನ್ನು ದೂರದಿಂದಲೇ ಕೈಚಾಚಿ ಸರಿಮಾಡಿದ. ವೆಂಕಟರಾಯಪ್ಪ ಬಾಗಿಲು ಎಲ್ಲಿದೆಯೆಂದು ನೋಡಿದ. ಬಾಗಿಲಲ್ಲಿ ಮೂರ್ತಿ ನಿಂತಿದ್ದ. ಅಶ್ವತ್ಥಮ್ಮ, "ಬರೀ ಹೊಟ್ಟೆನಾ? ಬೇರೆ ಏನೂ ಇಲ್ವಾ?" ಎಂದು ಸೆರಗು ಬಾಯಿಗಿಟ್ಟುಕೊಂಡು ಅಳುತ್ತ ನಗತೊಡಗಿದಳು.

ಡಾಕ್ಟರಮ್ಮ ನಗಲಿಲ್ಲ. ಕಾಗದವನ್ನು ಎರಡು ಸಲ ನೋಡಿದರು.

"ಬರೀ ಹೊಟ್ಟೆ ಅಲ್ಲಮ್ಮ. ಇವರ ಬಿಪಿ ನೋಡಿದ್ರೆ ನನಗೇ ಭಯ ಆಗುತ್ತೆ. ಸಕ್ಕರೆ ನೆತ್ತಿಗೇರಿದೆ. ರಕ್ತದಲ್ಲಿ ಜಿಡ್ಡೂ ಇದ್ದೇ ಇರುತ್ತೆ, ನಾಳೆ ಗೊತ್ತಾಗುತ್ತೆ. ಸೊಂಟದ ಸುತ್ತ ಈ ಕೊಬ್ಬು ಇರೋವಾಗ ಇವೆಲ್ಲ ಒಟ್ಟೊಟ್ಟಿಗೇ ಬರುತ್ವೆ. ಬಂದು ಹೃದಯದ ರಕ್ತನಾಳ ಹಿಡ್ಕೊಳ್ತವೆ. ಇವತ್ತು ಬಂದಿದ್ದು ಎಚ್ಚರಿಕೆ. ಇನ್ನೊಂದ್ಸಲ ಬಂದ್ರೆ ಇಲ್ಲಿಗೆ ತಲುಪ್ತಾರೋ ಇಲ್ವೋ ಹೇಳಕ್ಕಾಗಲ್ಲ."

ಅಶ್ವತ್ಥಮ್ಮನ ನಗು ಅರ್ಧಕ್ಕೆ ನಿಂತಿತು.

"ಅದಕ್ಕೇ ಅಲ್ವಾ ಡಾಕ್ಟ್ರಮ್ಮ ಆಪರೇಷನ್ನು," ಎಂದರು ರಾಮಾಂಜಿನಪ್ಪನವರು ಕ್ಷೀಣವಾಗಿ. "ಮಾಡಿಸ್ಕೊಂಡ್ರೆ ಹೃದಯ ಉಳಿಯುತ್ತಂತೆ."

"ಸುಳ್ಳಲ್ಲ. ತೀರಾ ದಪ್ಪ ಇರೋರಿಗೆ ಅದು ಒಳ್ಳೇದೇ. ಆದ್ರೆ ಈ ಎದೆ ಇಟ್ಕೊಂಡು ಸುಮ್ಮನೆ ಹೋಗಿ ಟೇಬಲ್ ಮೇಲೆ ಮಲಗಿದ್ರೆ, ಮತ್ತಿನ ಮದ್ದು ಕೊಟ್ಟಾಗ್ಲೇ ಮುಗಿದುಹೋಗ್ತಿತ್ತು. ಮೊದಲು ಹೃದಯ ಪರೀಕ್ಷೆ ಮಾಡಿಸಿ ಅಂತ ಅವರು ಹೇಳ್ಲಿಲ್ವಾ?"

ರಾಮಾಂಜಿನಪ್ಪನವರು ಚಾವಣಿ ನೋಡಿದರು. "ಹೇಳಿದ್ರೇನೋ. ಚಿರೋಟಿ ಬಂತು."

"ಇನ್ನೊಂದು ಮಾತು. ಆ ಆಪರೇಷನ್ ಆದ್ಮೇಲೂ ಜೀವನಪೂರ್ತಿ ಒಂದೊಂದು ಹಿಡಿ ಅಷ್ಟೇ ಊಟ."

"ಜೀವನಪೂರ್ತಿ?" ಅವತ್ತಿನ ದಿನ ಅವರಿಗಾದ ಆಘಾತಗಳಲ್ಲೆಲ್ಲ ಇದೇ ದೊಡ್ಡದು. ಎದೆನೋವು ಕೂಡ ಎರಡನೆಯ ಸ್ಥಾನಕ್ಕೆ ಹೋಯಿತು. "ಕೋಳಿ ಸಾರಲ್ಲಿ ಎರಡು ಮುದ್ದೆ ಹೊಡೀಬೋದು ಅಂದನಲ್ಲ ಇವನು!"

ವೆಂಕಟರಾಯಪ್ಪ ಗೋಡೆಯ ಮೇಲಿದ್ದ ತಾಯಿ ಮಗುವಿನ ಪಟವನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದ.

ಊಟ ಅರ್ಧ ಮಾಡಬೇಕು, ಬೆಣ್ಣೆ ತುಪ್ಪ ಬಿಡಬೇಕು, ಉಪ್ಪು ತಗ್ಗಿಸಬೇಕು, ಎದೆ ಸರಿಹೋದ ಮೇಲೆ ದಿನಾ ನಡೆಯಬೇಕು, ಮಾತ್ರೆ ತಪ್ಪಿಸಬಾರದು. ಇಷ್ಟರಿಂದಲೂ ಆಗದಿದ್ದರೆ ಆಮೇಲೆ ಆಪರೇಷನ್ ಮಾತು ಎಂದು ಡಾಕ್ಟರಮ್ಮ ಹೇಳುತ್ತಾ ಹೋದಂತೆ ಅಶ್ವತ್ಥಮ್ಮನ ಮುಖ ಬಿಳಿಚಿಕೊಳ್ಳುತ್ತಾ ಹೋಯಿತು. ಇಪ್ಪತ್ತೈದು ವರ್ಷ ತಾನು ಬಡಿಸಿದ ಪ್ರೀತಿಯೆಲ್ಲ ಗಂಡನ ರಕ್ತನಾಳದಲ್ಲಿ ಹೋಗಿ ಕೂತಿದೆಯೆಂದು ಯಾರಾದರೂ ಮೊದಲೇ ಹೇಳಬಾರದಿತ್ತೇ? ಅವಳು ನಿಟ್ಟುಸಿರು ಬಿಟ್ಟು, "ಸವತಿ ಆಗಿದ್ರೇ ವಾಸಿಯಿತ್ತು ಡಾಕ್ಟ್ರಮ್ಮ," ಎಂದಳು. "ಜುಟ್ಟು ಹಿಡ್ದು ಆಚೆಗಟ್ಟಿಬಿಡ್ತಿದ್ದೆ. ಈ ಹೊಟ್ಟೆನ ಎಲ್ಲಿಗಟ್ಲಿ?"

ಆಗ ಡಾಕ್ಟರಮ್ಮನ ಕಣ್ಣು ಸೊಣ್ಣಪ್ಪನ ಅಂಗಿಯ ಗುಂಡಿಗಳ ಮೇಲೆ ಹೋಯಿತು. ಅವು ಉಸಿರಾಡಿದಾಗಲೆಲ್ಲ ಬಿಟ್ಟುಹೋಗಲು ಅಪ್ಪಣೆ ಕೇಳುತ್ತಿದ್ದವು. "ನೀವೂ ಸ್ವಲ್ಪ ಕೂತ್ಕೊಳ್ಳಿ," ಎಂದು ಅವನ ತೋಳಿಗೂ ಬಿಪಿಯ ಪಟ್ಟಿ ಸುತ್ತಿದರು. ಗಾಳಿ ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು. "ನಿಮ್ಮ ಭಾವನಿಗಿಂತ ನಿಮ್ಮದೇ ಜಾಸ್ತಿ ಇದೆಯಲ್ರೀ!"

ಸೊಣ್ಣಪ್ಪ ಮೆಲ್ಲಗೆ ಪಕ್ಕದ ಮಂಚದ ಮೇಲೆ ಒರಗಿದ. ಆಮೇಲೆ ಎರಡು ದಿನ ಭಾವ ಬಾಮೈದ ಅಕ್ಕಪಕ್ಕ ಮಲಗಿ, ಉಪ್ಪಿಲ್ಲದ ಗಂಜಿ ಕುಡಿದು, ಒಬ್ಬರ ಮುಖ ಒಬ್ಬರು ನೋಡದೆ ಕಾಲ ಕಳೆದರು.

ಸೆಕ್ರೆಟರಿಯವರು ಬೆಂಗಳೂರಿಗೆ ಹೋಗಲಿಲ್ಲ. ಅಶ್ವತ್ಥಮ್ಮ ಮುದ್ದೆಯನ್ನು ನಿಂಬೆಹಣ್ಣಿಗಿಂತ ಒಂದು ಸುತ್ತು ದೊಡ್ಡದಾಗಿ ಕಟ್ಟುವುದನ್ನು ಕಲಿತಳು. ಮೊದಲ ದಿನ ಅದನ್ನು ತಟ್ಟೆಗಿಡುವಾಗ ಅವಳೇ ಅತ್ತಳು. ಅಮ್ಮಯಮ್ಮ, "ನನ್ ಮಗನ್ನ ಉಪವಾಸ ಕೆಡವ್ತಾವ್ಳೆ," ಎಂದು ಬೀದಿಗೆಲ್ಲ ಹೇಳಿದರು. ಡಾಕ್ಟರಮ್ಮ ಅಪ್ಪಣೆ ಕೊಟ್ಟ ಮೇಲೆ ಬೆಳಗಿನ ನಡಿಗೆಯೂ ಶುರುವಾಯಿತು. ರಾಮಾಂಜಿನಪ್ಪನವರು ಮುಂದೆ, ಅಶ್ವತ್ಥಮ್ಮ ಹಿಂದೆ. ಅವರು ಹೋಟೆಲಿನ ಕಡೆ ತಿರುಗದಂತೆ.

ಇದನ್ನು ಕಂಡು ಊರು ಮತ್ತೊಮ್ಮೆ ಬೆರಗಾಯಿತು. ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್ನು ಎಂಬ ಮಾತನ್ನು ಹುಣಸೆಕುಂಟೆಯವರು ಒಂದು ದಿನಕ್ಕೂ ನಂಬಿರಲಿಲ್ಲ. ದುಡ್ಡು ಕೊಟ್ಟು ಬೆಳೆಸಿದ ಹೊಟ್ಟೆಯನ್ನು ಮತ್ತೆ ದುಡ್ಡು ಕೊಟ್ಟು ಕೊಯ್ಯಿಸುವ ಮೂರ್ಖ ಎಲ್ಲಾದರೂ ಇರುತ್ತಾನೆಯೇ? ಅದಕ್ಕಿಂತ ತ್ಯಾಮಗೊಂಡ್ಲು ಹೆಂಗಸೇ ನಂಬಲರ್ಹಳಾಗಿದ್ದಳು. ಸೆಕ್ರೆಟರಿ ಕೊರಗಿ ಕೊರಗಿ ಸಣ್ಣಗಾಗುತ್ತಿರುವುದೂ, ಹೆಂಡತಿ ಬೆನ್ನು ಬಿಡದೆ ಕಾಯುತ್ತಿರುವುದೂ ಅವಳು ಇರುವುದಕ್ಕೆ ಸಾಕ್ಷಿಯಾಗಿದ್ದವು.

ಒಂದು ಬೆಳಿಗ್ಗೆ ಕೆರೆ ಏರಿಯ ಮೇಲೆ ಎದುರಿಗೆ ಬಂದ ಊರ ಹಿರಿಯ ಮುನಿರಾಮಯ್ಯನವರು, ಧೈರ್ಯ ಮಾಡಿ, ಅಶ್ವತ್ಥಮ್ಮನನ್ನೇ ತಡೆದು ಕೇಳಿದರು. "ತಪ್ಪು ತಿಳ್ಕೋಬೇಡ ಕಣವ್ವ. ಆ ತ್ಯಾಮಗೊಂಡ್ಲು ಯಮ್ಮನ ವಿಷ್ಯ ಏನಾಯ್ತು? ಬಿಟ್ರಾ?"

ರಾಮಾಂಜಿನಪ್ಪನವರು ಏದುಸಿರು ಬಿಡುತ್ತ, ಕೂರಲು ಕಲ್ಲು ಹುಡುಕುತ್ತಿದ್ದರು. ಅಶ್ವತ್ಥಮ್ಮ ಅವರ ಬೆನ್ನಿಗೆ ಕೈಹಚ್ಚಿ ಮುಂದಕ್ಕೆ ತಳ್ಳಿದಳು.

"ಎಲ್ಲಿ ಬಿಟ್ರು ಮಾವ? ಅವಳ ಮನೆಗೇ ಕರ್ಕೊಂಡು ಹೊರಟಿದೀನಿ. ದಿನಾ ನಡ್ಕೊಂಡೇ ಬರ್ಬೇಕಂತೆ, ಬಸ್ಸಲ್ಲಿ ಬಂದ್ರೆ ಬಾಗ್ಲು ತೆಗಿಯಲ್ವಂತೆ. ನಡೀರಿ ನೀವು, ಬಿಸ್ಲು ಬರೋದ್ರೊಳ್ಗೆ ಹೋಗ್ಬೇಕು!"